ದೋಣಿಯಿಂದ ಇಳಿದು ಬಂದ ಕೋಟು

ಮದುವೆಯ ಆರತಕ್ಷತೆಗೆಂದು ಹೊಲಿಸಿದ ಸೂಟು ಎಷ್ಟೋ ಮನೆಗಳ ಬೀರುವಿನಲ್ಲಿ ನುಸಿಗುಳಿಗೆಗಳ ವಾಸನೆಯ ನಡುವೆ ತೂಗುತ್ತಿರುತ್ತದೆ. ವರ್ಷ ಕಳೆದಂತೆ ಪ್ಯಾಂಟು ಸೊಂಟಕ್ಕೆ ಬಿಗಿಯಾಗುತ್ತದೆ. ಕೋಟು ಮಾತ್ರ ಹೊಸದರಂತೆಯೇ ಇರುತ್ತದೆ. ಸಂದರ್ಶನವೋ ಸಮಾರಂಭವೋ ಬಂದಾಗ ಅದನ್ನೇ ಬೇರೊಂದು ಪ್ಯಾಂಟಿನ ಮೇಲೆ ತೊಟ್ಟು ಕನ್ನಡಿಯ ಮುಂದೆ ನಿಂತರೆ ಏನೋ ಸರಿಯಿಲ್ಲ ಎನಿಸುತ್ತದೆ. ಬಟ್ಟೆ ಒಳ್ಳೆಯದು, ಹೊಲಿಗೆಯೂ ಒಳ್ಳೆಯದು. ಹಾಗಾದರೆ ಕೊರತೆ ಎಲ್ಲಿ?

ನಾವು ‘ಕೋಟು’ ಎಂಬ ಒಂದೇ ಹೆಸರಿನಿಂದ ಕರೆಯುವ ಉಡುಪಿನಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ಸೂಟಿನ ಕೋಟು, ಬ್ಲೇಜರ್ ಮತ್ತು ಸ್ಪೋರ್ಟ್ಸ್ ಜಾಕೆಟ್. ಸೂಟಿನ ಕೋಟು, ಪ್ಯಾಂಟು ಒಂದೇ ಥಾನಿನಿಂದ ಕತ್ತರಿಸಿದ ಜೋಡಿ. ನವಿರಾದ, ಹೊಳಪುಳ್ಳ ಆ ಬಟ್ಟೆ ಜೊತೆಗಾರನಿಲ್ಲದೆ ಹೊರಬಂದರೆ ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ. ಉಳಿದೆರಡು ಒಂಟಿಯಾಗಿಯೇ ಹುಟ್ಟಿದವು. ಹುಟ್ಟಿದ್ದೂ ಕಚೇರಿಯಲ್ಲಲ್ಲ, ಹೊಳೆಯಲ್ಲಿ ಮತ್ತು ಬಯಲಿನಲ್ಲಿ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ದೋಣಿ ಸಂಘ ಆರಂಭವಾದದ್ದು 1825ರಲ್ಲಿ. ಅದರ ಸದಸ್ಯರು ಕಡುಗೆಂಪು ಫ್ಲಾನಲ್ ಅಂಗಿಗಳನ್ನು ತೊಟ್ಟು ಹುಟ್ಟು ಹಾಕುತ್ತಿದ್ದರು. ಉರಿಯುವ ಬೆಂಕಿಯಂಥ ಆ ಬಣ್ಣದಿಂದಲೇ ‘ಬ್ಲೇಜರ್’ ಎಂಬ ಹೆಸರು ಬಂತು. ಮುಂದೆ ಬೇರೆ ಸಂಘಗಳೂ ತಮ್ಮ ತಮ್ಮ ಬಣ್ಣದ, ಪಟ್ಟೆಯ ಕೋಟುಗಳನ್ನು ಮಾಡಿಸಿಕೊಂಡವು. 1889ರಲ್ಲಿ ಓದುಗರೊಬ್ಬರು ಲಂಡನ್ನಿನ ಡೈಲಿ ನ್ಯೂಸ್ ಪತ್ರಿಕೆಗೆ ಬರೆದು ಆಕ್ಷೇಪಿಸಿದ್ದರು: ತಮ್ಮ ಕಾಲದಲ್ಲಿ ಬ್ಲೇಜರ್ ಎಂದರೆ ಆ ಒಂದು ಸಂಘದ ಕೆಂಪು ಕೋಟು ಮಾತ್ರ, ಈಗ ಕ್ರಿಕೆಟ್, ಟೆನಿಸ್, ಕಡಲತೀರ ಎಲ್ಲದರ ಬಣ್ಣದ ಕೋಟಿಗೂ ಅದೇ ಹೆಸರಾಗಿದೆಯಲ್ಲ ಎಂಬುದು ಅವರ ದೂರು. ಪದಗಳು ಹೀಗೆಯೇ ಊರು ಬಿಟ್ಟು ಊರು ಸೇರುತ್ತವೆ.

ಇಂದು ಹೆಚ್ಚಾಗಿ ಕಾಣುವ ಕಡುನೀಲಿ ಬ್ಲೇಜರಿಗೆ ಇನ್ನೊಂದು ಪೂರ್ವಜನೂ ಇದ್ದಾನೆ: ಬ್ರಿಟಿಷ್ ನೌಕಾಪಡೆಯವರ ‘ರೀಫರ್’ ಕೋಟು. ಎರಡು ಸಾಲು ಗುಂಡಿಗಳು, ಲೋಹದ ಹೊಳಪು, ನೀಲಿ ಬಣ್ಣ ಎಲ್ಲವೂ ಅಲ್ಲಿಯವು. ಎರಡು ಮೂಲಗಳಿಗೂ ಸಮಾನವಾದ ಸಂಗತಿ ಒಂದಿದೆ. ಬ್ಲೇಜರ್ ಒಬ್ಬನ ಉಡುಪಲ್ಲ, ಒಂದು ಗುಂಪಿನ ಗುರುತು. ಶಾಲಾ ಮಕ್ಕಳ ಜೇಬಿನ ಮೇಲಿನ ಲಾಂಛನ, ಟೆಸ್ಟ್ ಪಂದ್ಯದ ಟಾಸ್‌ಗೆ ಬರುವ ನಾಯಕನ ಕೋಟು ಎಲ್ಲವೂ ಅದನ್ನೇ ಹೇಳುತ್ತವೆ. ಅಮೆರಿಕದ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯಲ್ಲಿ ಗೆದ್ದವರಿಗೆ 1949ರಿಂದ ಹಸಿರು ಕೋಟು ತೊಡಿಸುತ್ತಾರೆ. ನೀನೂ ನಮ್ಮವನಾದೆ ಎಂಬುದೇ ಅದರ ಅರ್ಥ.

ಸ್ಪೋರ್ಟ್ಸ್ ಜಾಕೆಟ್‌ನ ಕಥೆ ಬೇರೆ. ಅದು ಹತ್ತೊಂಬತ್ತನೆಯ ಶತಮಾನದ ಹಳ್ಳಿಗಾಡಿನ ಶ್ರೀಮಂತರ ಬೇಟೆಯ ಉಡುಪು. ಬಂದೂಕು ಎತ್ತಲು ತೋಳು ಸಡಿಲವಿರಬೇಕು, ಮುಳ್ಳು ಗೀರಿದರೆ ಹರಿಯಬಾರದು, ಮಳೆ ಚಳಿ ತಡೆಯಬೇಕು. ಅದಕ್ಕೇ ಟ್ವೀಡ್ ಎಂಬ ಒರಟು ಉಣ್ಣೆ ಬಟ್ಟೆ, ದೊಡ್ಡ ಜೇಬು, ಚೌಕಳಿ. ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳ ನೇಕಾರರು ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ನೇಯ್ದದ್ದನ್ನು ಮಾತ್ರ ‘ಹ್ಯಾರಿಸ್ ಟ್ವೀಡ್’ ಎನ್ನಬೇಕೆಂದು ಬ್ರಿಟನ್ನಿನಲ್ಲಿ 1993ರಲ್ಲಿ ಕಾನೂನೇ ಆಯಿತು. ಕೈಮಗ್ಗದ ಬೆಲೆ ಬಲ್ಲ ನಮಗೆ ಇದು ಅರ್ಥವಾಗದ ಮಾತೇನಲ್ಲ. ಕೋಟಿನ ಹಿಂಬದಿಯ ಸೀಳು ಕೂಡ ಕುದುರೆ ಸವಾರಿಗಾಗಿ ಬಂದದ್ದು. ಕುದುರೆ ಹೋಯಿತು, ಸೀಳು ಉಳಿಯಿತು. ಹೊಸ ಕೋಟಿನಲ್ಲಿ ಆ ಸೀಳಿಗೆ ಹಾಕಿರುವ ಅಡ್ಡದಾರವನ್ನು ತೊಡುವ ಮುನ್ನ ಬಿಚ್ಚಬೇಕು. ಅದು ಅಲಂಕಾರವಲ್ಲ, ಅಂಗಡಿಯಲ್ಲಿರುವಾಗ ಬಟ್ಟೆ ಮುದುಡದಿರಲೆಂದು ಹಾಕಿದ್ದು.

ಈ ಹುಟ್ಟು ತಿಳಿದರೆ ಆಯ್ಕೆ ಸುಲಭ. ಒಂದೇ ಒಂದು ಕೋಟು ಕೊಳ್ಳುವಷ್ಟು ಹಣವಿದ್ದು, ಸೂಟು ಕಡ್ಡಾಯವಲ್ಲದಿದ್ದರೆ ಕಡುನೀಲಿ ಬ್ಲೇಜರ್ ಲೇಸು. ಅದು ಬೂದು ಅಥವಾ ಖಾಕಿ ಪ್ಯಾಂಟಿನೊಂದಿಗೆ ಸಂದರ್ಶನಕ್ಕೂ ಆಗುತ್ತದೆ, ಮದುವೆಗೂ ಆಗುತ್ತದೆ. ಆದರೆ ನೀಲಿಯ ಮೇಲೆ ‘ಹತ್ತಿರ ಹತ್ತಿರ’ ನೀಲಿ ಮಾತ್ರ ಬೇಡ. ಸೂಟು ಮಾಡಹೋಗಿ ತಪ್ಪಿದಂತೆ ಕಾಣುತ್ತದೆ. ಕೋಟಿಗೂ ಪ್ಯಾಂಟಿಗೂ ವ್ಯತ್ಯಾಸ ಎದ್ದು ಕಾಣಬೇಕು.

ಅಳತೆಯಲ್ಲಿ ಮೊದಲು ನೋಡಬೇಕಾದ್ದು ಭುಜ. ತೋಳಿನ ಹೊಲಿಗೆ ಭುಜದ ಮೂಳೆಯ ಅಂಚಿನಲ್ಲಿ ಕೂರಬೇಕು. ತೋಳಿನ ಉದ್ದ, ಸೊಂಟದ ಸುತ್ತಳತೆ ದರ್ಜಿಯ ಕೈಯಲ್ಲಿ ಸರಿಯಾಗುತ್ತವೆ. ಭುಜ ತಪ್ಪಿದರೆ ಸರಿಪಡಿಸುವುದು ಬಹಳ ಕಷ್ಟ. ಕೋಟಿನ ಕಾಲರ್ ಕುತ್ತಿಗೆಯ ಹಿಂದೆ ಅಂಗಿಯ ಕಾಲರಿಗೆ ಅಂಟಿಕೊಂಡಿರಬೇಕು. ಅಂಗಿಯ ತೋಳು ಸುಮಾರು ಅರ್ಧ ಅಂಗುಲ ಹೊರಗೆ ಕಂಡರೆ ಚೆಂದ. ಒಂದೇ ಸಾಲಿನ ಎರಡು ಗುಂಡಿಯ ಕೋಟಿನಲ್ಲಿ ಮೇಲಿನದನ್ನು ಮಾತ್ರ ಹಾಕಿ, ಕೂರುವಾಗ ಅದನ್ನೂ ಬಿಚ್ಚುವುದು ರೂಢಿ. ನಮ್ಮ ಸೆಕೆಗೆ ದಪ್ಪ ಟ್ವೀಡ್ ಹಿಂಸೆ. ತೆಳು ಉಣ್ಣೆ ಇಲ್ಲವೇ ಹತ್ತಿಯ ಬಟ್ಟೆಗೆ ಅರ್ಧ ಲೈನಿಂಗ್ ಹಾಕಿಸಿದರೆ ಬೆನ್ನಿಗೆ ಗಾಳಿಯಾಡುತ್ತದೆ.

ಇಷ್ಟೆಲ್ಲ ನಿಯಮ ಕೇಳಿ ಇದು ಪರದೇಶಿಗಳ ಗೊಡವೆ ಎನಿಸಬಹುದು. ಆದರೆ ಹಳೆ ಮೈಸೂರಿನ ಮೇಷ್ಟರು, ವಕೀಲರು, ಗುಮಾಸ್ತರನ್ನು ನೆನೆಯಿರಿ. ಬಿಳಿ ಕಚ್ಚೆಪಂಚೆಯ ಮೇಲೆ ಕಪ್ಪು ಕೋಟು, ತಲೆಗೆ ಪೇಟ. ಜೋಡಿಯಿಲ್ಲದ ಕೋಟನ್ನು ವ್ಯತ್ಯಾಸದಿಂದಲೇ ಒಪ್ಪವಾಗಿ ಕಾಣಿಸುವ ಗುಟ್ಟು ಅವರಿಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು. ಬೀರುವಿನ ಸೂಟಿನ ಕೋಟನ್ನು ಅದರ ಜೋಡಿಗೇ ಬಿಡೋಣ. ಪ್ಯಾಂಟಿನ ಹಿಂಬದಿ ಹೊಲಿಗೆಯಲ್ಲಿ ಹೆಚ್ಚುವರಿ ಬಟ್ಟೆ ಬಿಟ್ಟಿದ್ದರೆ ದರ್ಜಿ ಸೊಂಟವನ್ನು ಒಂದಿಷ್ಟು ಸಡಿಲಿಸಿಕೊಟ್ಟಾನು. ಹೊಸ ಕೋಟಿನ ಖರ್ಚೂ ಉಳಿದೀತು.