ದೋಣಿಯ ದುರಸ್ತು: ಮನೆಯಲ್ಲಿ ಮಾಡತಕ್ಕದ್ದೂ ಕೆಲಸಗಾರನಿಗೆ ಬಿಡತಕ್ಕದ್ದೂ

ಕರಾವಳಿಯ ಹೊಳೆಗಳ ನಡುವಣ ಕುದ್ರು, ಕುರ್ವೆಗಳಲ್ಲಿ ಜಮೀನುಳ್ಳ ಗೃಹಸ್ಥರಿಗೆ ದೋಣಿಯು ಬಯಲುಸೀಮೆಯವರ ಗಾಡಿಯಷ್ಟೇ ಅವಶ್ಯವಾದುದು. ಸೇತುವೆ ಆಗದ ಕಡೆಗಳಲ್ಲಿ ಗೊಬ್ಬರ, ಬಿತ್ತನೆಯ ಭತ್ತ, ತೆಂಗಿನಕಾಯಿ, ಕೆಲಸದ ಆಳುಗಳು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಎಲ್ಲವೂ ಅದರಲ್ಲಿಯೇ ದಾಟಬೇಕು. ಹೀಗಿದ್ದರೂ ನೇಗಿಲಿನ ಗುಳವನ್ನು ನೋಡುವಷ್ಟು ಜಾಗರೂಕತೆಯಿಂದ ದೋಣಿಯ ತಳವನ್ನು ನೋಡುವವರು ವಿರಳ. ನೀರು ಜಿನುಗಿದಾಗ ಕೆಲವರು ಕೂಲಿ ಉಳಿಯಲೆಂದು ತಾವೇ ಉಳಿ ಹಿಡಿಯುವರು; ಮತ್ತೆ ಕೆಲವರು ಒಂದು ಮೊಳೆಗೂ ಆಚಾರಿಗೆ ಹೇಳಿಕಳುಹಿಸಿ ವಾರಗಟ್ಟಲೆ ಕಾಯುವರು. ಇವೆರಡೂ ನಷ್ಟದ ದಾರಿಗಳೇ.

ಮೊದಲು ತಿಳಿಯತಕ್ಕದ್ದೇನೆಂದರೆ, ಒಣಗಿದ ಮರದ ದೋಣಿ ಸೋರುವುದು ಸಹಜ. ಬೇಸಗೆಯಲ್ಲಿ ದಡದ ಮೇಲೆ ಬಿಸಿಲಿಗೆ ಬಿಟ್ಟರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ. ನೀರಿಗಿಳಿಸಿದ ಮೇಲೆ ಒಂದೆರಡು ದಿನಗಳಲ್ಲಿ ಹಲಗೆಗಳು ಉಬ್ಬಿ ಸಂದು ತಾನಾಗಿಯೇ ಬಹುಮಟ್ಟಿಗೆ ಮುಚ್ಚುವುದು. ಇದನ್ನರಿಯದ ಯಜಮಾನನು ಒಣಗಿದ ಸಂದಿನಲ್ಲಿ ಹತ್ತಿಯನ್ನು ಕೊಡತಿಯಿಂದ ಬಿಗಿಯಾಗಿ ಜಡಿದನೆಂದರೆ, ಮರ ಉಬ್ಬುವಾಗ ಅದಕ್ಕೆ ಎಡೆಯಿಲ್ಲದೆ ಹಲಗೆಯೇ ಮೊಳೆಯನ್ನು ಕಿತ್ತುಕೊಂಡು ಹೊರಕ್ಕೆ ಬರುವುದು. ನಾಲ್ಕು ದಿನ ತಾಳಿದ್ದರೆ ಖರ್ಚಿಲ್ಲದೆ ಆಗುತ್ತಿದ್ದ ಕೆಲಸಕ್ಕೆ ಆಗ ಹೊಸ ಹಲಗೆ ಬೇಕಾಗುತ್ತದೆ. ಆದಕಾರಣ ಬೇಸಗೆಯಲ್ಲಿ ದೋಣಿಯನ್ನು ನೆರಳಿನಲ್ಲಿಟ್ಟು ಒದ್ದೆ ಗೋಣಿ ಹೊದಿಸುವುದು ಒಳ್ಳೆಯದು. ಸಿಹಿನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯೂ ಯೋಗ್ಯವೇ. ಆದರೆ ಅಳಿವೆಯ ಸಮೀಪದ ಉಪ್ಪುನೀರಿನಲ್ಲಿ ಹಾಗೆ ಮಾಡಲಾಗದು. ಅಲ್ಲಿ ಮರ ಕೊರೆಯುವ ಹುಳು ಹೊರಗೆ ಸೂಜಿಯ ಗಾತ್ರದ ತೂತನ್ನು ಮಾತ್ರ ತೋರಿಸಿ ಒಳಗೆ ಹಲಗೆಯನ್ನು ಜೇನುಗೂಡಿನಂತೆ ಮಾಡಿಬಿಡುತ್ತದೆ.

ದಿನದಿಂದ ದಿನಕ್ಕೆ ತಗ್ಗುವ ಸೋರಿಕೆಗೆ ಹೆದರಬೇಕಾದುದಿಲ್ಲ. ದಿನದಿಂದ ದಿನಕ್ಕೆ ಹೆಚ್ಚುವ, ಇಲ್ಲವೆ ಭಾರ ಹೇರಿದಾಗ ಮಾತ್ರ ಕಾಣಿಸುವ ಸೋರಿಕೆಯು ಬೇರೆಯದು. ಆಗ ಮೊನಚಾದ ಚಾಕುವಿನಿಂದ ಅಡಿಮರವನ್ನೂ, ಎರಡೂ ತುದಿಗಳನ್ನೂ, ಪಕ್ಕೆಮರವು ಹಲಗೆಗೆ ಸೇರುವ ಕಡೆಗಳನ್ನೂ ಚುಚ್ಚಿ ನೋಡತಕ್ಕದ್ದು. ಚಾಕು ಸಲೀಸಾಗಿ ಇಳಿದರೆ ಮರ ಲಡ್ಡಾಗಿದೆಯೆಂದು ತಿಳಿದು ದೋಣಿ ಕಟ್ಟುವ ಆಚಾರಿಯನ್ನೇ ಕರೆಯಬೇಕು. ಅದರ ಮೇಲೆ ತಗಡು ಬಡಿಯುವುದಾಗಲಿ ಸಿಮೆಂಟು ಮೆತ್ತುವುದಾಗಲಿ ರೋಗವನ್ನು ಮರೆಮಾಡುವುದೇ ಹೊರತು ಗುಣಪಡಿಸುವುದಿಲ್ಲ. ಸಿಮೆಂಟು ಮರದೊಡನೆ ಬಾಗಲಾರದು. ಅದರ ಹಿಂದೆ ನಿಂತ ತೇವವು ಪಕ್ಕದ ಹಲಗೆಯನ್ನೂ ಕೆಡಿಸುವುದು.

ಸಂದಿಗೆ ಹದವಾಗಿ ಹತ್ತಿ, ರಾಳ ತುಂಬುವುದು, ಕೆರೆದು ಒಣಗಿಸಿ ಎಣ್ಣೆ ಬಳಿಯುವುದು, ಒಳಗೆ ನಿಂತ ಮಳೆನೀರನ್ನು ಮೊಗೆದು ಹಾಕುವುದು, ಇವು ಮನೆಯ ಆಳುಗಳೇ ಮಾಡಬಹುದಾದ ಕೆಲಸಗಳು. ತುಂಗಭದ್ರಾ ತೀರದ ಹರಿಗೋಲಿನ ವಿಷಯದಲ್ಲಿಯಂತೂ ನಡೆಸುವವನೇ ರಿಪೇರಿ ಮಾಡುವವನು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ ಪ್ರವಾಸಿ ಪಾಯಸನು ಚರ್ಮ ಹೊದಿಸಿದ, ಹದಿನೈದು ಇಪ್ಪತ್ತು ಜನ ಹಿಡಿಸುವ ಬುಟ್ಟಿಯಂಥ ದೋಣಿಗಳನ್ನು ವರ್ಣಿಸಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ಕು, ಡಾಂಬರು ಬಂದಿವೆ. ಹೊದಿಕೆಗೆ ತೇಪೆ ಹಾಕುವುದು ಸುಲಭ, ಆದರೆ ಬಿದಿರಿನ ದಬ್ಬೆ ಮುರಿದಿದ್ದರೆ ಹೆಣೆಯಬಲ್ಲವನ ಕೈಯೇ ಬೇಕು.

ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ನಿನ ವಿಷಯ ಇನ್ನೂ ಸೂಕ್ಷ್ಮವಾದುದು. ಪ್ಲಗ್ಗನ್ನು ಬಿಚ್ಚಿ ಶುಚಿಮಾಡುವುದು, ಇಂಧನದಲ್ಲಿ ಸೇರಿದ ನೀರನ್ನು ತೆಗೆಯುವುದು, ಉಪ್ಪುನೀರಿನಲ್ಲಿ ಓಡಿದ ದಿನ ಸಿಹಿನೀರು ಹರಿಸಿ ತೊಳೆಯುವುದು ಯಜಮಾನನ ಕರ್ತವ್ಯ. ತಂಪುಮಾಡುವ ನೀರಿನ ಧಾರೆ ಹೊರಗೆ ಬೀಳುವುದು ನಿಂತರೆ ತಕ್ಷಣವೇ ಎಂಜಿನ್ನನ್ನು ನಿಲ್ಲಿಸಿ, ನೀರೆಳೆಯುವ ಕಂಡಿಯಲ್ಲಿ ಕಳೆಯೋ ಪ್ಲಾಸ್ಟಿಕ್ಕೋ ಸಿಕ್ಕಿದೆಯೇ ಎಂದು ನೋಡಬೇಕು. ಅದನ್ನು ತೆಗೆದರೂ ಧಾರೆ ಬಾರದಿದ್ದರೆ ಹುಟ್ಟು ಹಾಕಿ ದಡ ಸೇರಿ ಮೆಕ್ಯಾನಿಕನಿಗೆ ಒಪ್ಪಿಸತಕ್ಕದ್ದು. ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ನುಗ್ಗಿದೆ. ಅದೂ ಅವನ ಕೆಲಸವೇ. ಕೆಲವು ಸಣ್ಣ ಎಂಜಿನ್ನುಗಳಲ್ಲಿ ಪಂಖಕ್ಕೆ ಮೆದು ಲೋಹದ ಒಂದು ಪಿನ್ನು ಇರುತ್ತದೆ. ಪಂಖ ಬಂಡೆಗೆ ತಗುಲಿದಾಗ ತಾನು ಮುರಿದು ಗೇರನ್ನು ಉಳಿಸುವುದೇ ಅದರ ಧರ್ಮ. ಮುರಿದ ಪಿನ್ನಿನ ಸ್ಥಳದಲ್ಲಿ ಕಬ್ಬಿಣದ ಮೊಳೆ ಸೇರಿಸುವ ಜಾಣರಿದ್ದಾರೆ. ಮುಂದಿನ ಪೆಟ್ಟಿಗೆ ಮೊಳೆ ಉಳಿದು ಗೇರು ಪುಡಿಯಾಗುವುದು. ಎರಡು ಪಿನ್ನುಗಳನ್ನು ಸದಾ ದೋಣಿಯಲ್ಲಿಟ್ಟುಕೊಳ್ಳುವುದು ಎಷ್ಟೋ ಅಗ್ಗ.

ಕೆಲಸಗಾರನನ್ನು ಕರೆಯಲು ಕಾಲವನ್ನೂ ಗಮನಿಸಬೇಕು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ ಮೀನುಗಾರರ ದೋಣಿಗಳ ದುರಸ್ತು ಆಗಲೇ ನಡೆಯುವುದು. ಹೊಳೆಯ ದೋಣಿಯವರು ಏಪ್ರಿಲಿನಲ್ಲಿಯೇ ಕೆಲಸ ಮುಗಿಸಿಕೊಂಡರೆ ಪ್ರವಾಹಕ್ಕೆ ಮುಂಚೆ ಪರೀಕ್ಷಿಸಲು ಸಮಯ ಉಳಿಯುತ್ತದೆ. ಊರವರನ್ನು ದಾಟಿಸುವ ಯಂತ್ರದೋಣಿಗಳಿಗೆ 1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು ತಪಾಸಣೆಯನ್ನೂ ನೋಂದಣಿಯನ್ನೂ ವಿಧಿಸಿರುವುದನ್ನು ಊರಿನ ಮುಖಂಡರು ದೋಣಿಯವರಿಗೆ ತಿಳಿಸತಕ್ಕದ್ದು.

ದುರಸ್ತು ಯಾರ ಕೈಯಿಂದಲೇ ಆಗಿರಲಿ, ದೋಣಿಯನ್ನು ಒಂದು ರಾತ್ರಿ ಬರಿದಾಗಿ ನೀರಿನಲ್ಲಿ ಕಟ್ಟಿ, ಒಳಗೆ ನಿಂತ ನೀರಿನ ಮಟ್ಟವನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಮರುದಿನ ಮರಳಿನ ಚೀಲಗಳನ್ನು ಹೇರಿ ದಡದ ಬಳಿಯಲ್ಲೇ ನಡೆಸಿ ನೋಡಿ, ಅನಂತರವೇ ಆಳುಗಳನ್ನೂ ಮಕ್ಕಳನ್ನೂ ಹತ್ತಿಸತಕ್ಕದ್ದು.