ಗುಡ್ಡದ ಬಸ್ಸಿನಲ್ಲಿ ಮೊದಲ ಸೀಟು ಯಾರಿಗೆ?

ಭಾರತ ಹುಣ್ಣಿಮೆಯ ಹಿಂದಿನ ದಿನ. ಸವದತ್ತಿ ನಿಲ್ದಾಣದಲ್ಲಿ ಯಲ್ಲಮ್ಮನ ಗುಡ್ಡದ ಬಸ್ಸು ಇನ್ನೂ ರಿವರ್ಸ್ ತಗೊಳ್ಳುತ್ತಿತ್ತು. ಅಷ್ಟರಲ್ಲೇ ಕಿಟಕಿಗಳಿಂದ ದಸ್ತಿ, ಟವೆಲ್ಲು, ಕೈಚೀಲಗಳು ಒಳಗೆ ಬೀಳತೊಡಗಿದವು. ಬೈಲಹೊಂಗಲ ಕಡೆಯ ಹುಡುಗನೊಬ್ಬ ಹಿಂದಿನ ಗಾಲಿಯ ಮೇಲೆ ಕಾಲಿಟ್ಟು ಮೇಲೇರಿ, ಭಂಡಾರ ಹತ್ತಿ ಅಂಚು ಹಳದಿಯಾಗಿದ್ದ ಟವೆಲ್ಲನ್ನು ಇಬ್ಬರು ಕೂರುವ ಸೀಟಿನ ಮೇಲೆ ಹರಡಿದ. ಬಾಗಿಲಿನ ನೂಕುನುಗ್ಗಲು ದಾಟಿ ಅವನು ಅಲ್ಲಿಗೆ ಬರುವ ಹೊತ್ತಿಗೆ ಪಡಲಗಿ ಹಿಡಿದ ಮುದುಕಿಯೊಬ್ಬಳು ಆ ಟವೆಲ್ಲಿನ ಮೇಲೆಯೇ ಕೂತಿದ್ದಳು.

“ಯವ್ವಾ, ಇಲ್ಲಿ ನಮ್ಮ ಟವೆಲ್ ಐತಿ.”

“ಟವೆಲ್ ಗುಡ್ಡಕ್ಕ ಹೊಂಟೈತೇನಪಾ? ನಾ ಹೊಂಟೇನಿ.”

ಸುತ್ತಲಿನವರು ನಕ್ಕರು, ಹುಡುಗನೂ ನಕ್ಕ. ಕಂಡಕ್ಟರ್ ಬಂದು ಮುದುಕಿಯ ಆಧಾರ್ ನೋಡಿ ಶೂನ್ಯ ದರದ ಟಿಕೆಟ್ ಹರಿದುಕೊಟ್ಟರು. ಹುಡುಗ ಪೂರ್ತಿ ದುಡ್ಡು ಕೊಟ್ಟು, ಮೇಲಿನ ಸರಳು ಹಿಡಿದು, ಗುಡ್ಡ ಮುಟ್ಟುವ ತನಕ ನಿಂತೇ ಬಂದ.

ಜಗತ್ತಿನ ದೊಡ್ಡ ಪ್ರಯಾಣಗಳು ನಡೆಯುವುದು ಇದಕ್ಕೆ ಸರಿಯಾಗಿ ತಿರುವುಮುರುವಾಗಿ. ಎಂಎಸ್‌ಸಿ ಕಂಪನಿಯ ವಿಹಾರ ನೌಕೆಗಳಲ್ಲಿ ‘ಯಾಟ್ ಕ್ಲಬ್’ ಎಂಬ ಭಾಗವಿದೆ. 2008ರಲ್ಲಿ ‘ಫಾಂಟಾಸಿಯಾ’ ಹಡಗಿನೊಂದಿಗೆ ಶುರುವಾದ ಅದು ಹಡಗಿನೊಳಗಿನ ಇನ್ನೊಂದು ಹಡಗು. ಬೇರೆ ಊಟದ ಮನೆ, ಬೇರೆ ಈಜುಕೊಳ, ಕೈಗೊಬ್ಬ ಸೇವಕ, ಎಲ್ಲರಿಗಿಂತ ಮೊದಲು ಹತ್ತುವ ಸವಲತ್ತು. ಅಲ್ಲಿನ ಕೀಲಿ-ಕಾರ್ಡ್ ಇಲ್ಲದವರಿಗೆ ಬಾಗಿಲು ತೆರೆಯದು. ನಾರ್ವೇಜಿಯನ್ ಕಂಪನಿಯ ‘ಹೇವನ್’ ಕೂಡ ಇದೇ ಜಾತಿಯದು. ಹೆಚ್ಚು ಕೊಟ್ಟವನಿಗೆ ಮೊದಲ ಸ್ಥಾನ ಎನ್ನುವುದು ಅಲ್ಲಿನ ವ್ಯಾಪಾರ. ಸವದತ್ತಿಯ ಬಸ್ಸಿನಲ್ಲಿ ಏನೂ ಕೊಡದ ಮುದುಕಿ ಕೂತಿದ್ದಾಳೆ, ಪೂರ್ತಿ ಕೊಟ್ಟವನು ನಿಂತಿದ್ದಾನೆ. ಈ ತಿರುವುಮುರುವು ನ್ಯಾಯವೋ ಅನ್ಯಾಯವೋ ಎಂಬ ಜಗಳ ಈ ಭಾಗದ ಪ್ರತಿ ಬಸ್ಸಿನಲ್ಲೂ ಒಂದಲ್ಲ ಒಂದು ದಿನ ನಡೆದೇ ಇರುತ್ತದೆ.

ಜಗಳಕ್ಕೆ ಕಾರಣ ಸರಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ರೈಲಿಲ್ಲ. ಕಿತ್ತೂರಿನ ಮೇಲೆ ಹಾಯುವ ಧಾರವಾಡ–ಬೆಳಗಾವಿ ನೇರ ಮಾರ್ಗದಲ್ಲಿ ಇನ್ನೂ ಗಾಡಿ ಓಡಿಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಹಳಿ ಹಾಕಬೇಕೆಂಬ ಹೋರಾಟ ಹಳೆಯದು. ಹಾಗಾಗಿ ಸಂತೆ, ಶಾಲೆ, ಆಸ್ಪತ್ರೆ, ಜಾತ್ರೆ ಎಲ್ಲಕ್ಕೂ ಬಸ್ಸೇ ಗತಿ.

ಬಸ್ಸಿನ ಹೆಸರು ಮಾತ್ರ ಕಾಲಕಾಲಕ್ಕೆ ಬದಲಾಗಿದೆ. 1948ರ ಜೂನ್ 1ರಂದು ಪುಣೆ–ಅಹಮದ್‌ನಗರ ನಡುವೆ ಸರ್ಕಾರಿ ಬಸ್ಸು ಓಡಿಸಿದ ಮುಂಬೈ ಪ್ರಾಂತಕ್ಕೇ ಅಂದು ಬೆಳಗಾವಿ ಜಿಲ್ಲೆಯೂ ಸೇರಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಸಾರಿಗೆ ಹುಟ್ಟಿತು. ಈ ಎಲ್ಲ ಹೆಸರುಗಳ ಉದ್ದಕ್ಕೂ ಬದಲಾಗದೆ ಉಳಿದ ಒಂದು ಪದ್ಧತಿಯೆಂದರೆ ದಸ್ತಿ ಒಗೆದು ಸೀಟು ಹಿಡಿಯುವುದು.

ಈ ದಸ್ತಿಯ ಬಗ್ಗೆ ಯಾವ ನಿಯಮಾವಳಿಯಲ್ಲೂ ಒಂದಕ್ಷರ ಇರಲಿಕ್ಕಿಲ್ಲ. ಆದರೂ ಅದಕ್ಕೊಂದು ಕಾನೂನಿದೆ. ಒಂದು ದಸ್ತಿಗೆ ಒಂದೇ ಸೀಟು. ಟವೆಲ್ಲು ಉದ್ದವಿದ್ದರೆ ಎರಡು. ಮೂರನೆಯದಕ್ಕೆ ಕೈಚೀಲ ಬೇಕು. ಪೇಪರು ಇಟ್ಟು ಹೋದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎತ್ತಿಕೊಂಡು ಓದುತ್ತಾರೆ. ಕಿಟಕಿಯಿಂದ ಕೂಸನ್ನೇ ಒಳಗೆ ದಾಟಿಸಿದರೆ ಆ ಸೀಟಿನ ಬಗ್ಗೆ ವಾದವೇ ಇಲ್ಲ. ನೀರಿನ ಬಾಟ್ಲಿ ಇಟ್ಟವನು ಬಸ್ಸು ಬಿಡುವ ಮುಂಚೆ ಬರಬೇಕು. ಹಾಕಿದವನು ಬರುವ ತನಕ ಪಕ್ಕದವರು ‘ಇಲ್ಲಿ ಮಂದಿ ಅದಾರ್ರಿ’ ಎಂದು ಸಾಕ್ಷಿ ಹೇಳಬೇಕು. ಗುರುತಿಲ್ಲದವರ ದಸ್ತಿಗೂ ಹಾಗೆ ಸಾಕ್ಷಿ ಹೇಳುವುದು ಈ ಭಾಗದ ಜನರ ದೊಡ್ಡತನ. ಕಂಡಕ್ಟರ್ ಮಾತ್ರ ಈ ನ್ಯಾಯಕ್ಕೆ ತಲೆ ಹಾಕುವುದಿಲ್ಲ. ಇಲ್ಲಿ ರೊಕ್ಕದ ಮಾತೇ ಇಲ್ಲ, ಅದೇ ಇದರ ಚೆಲುವು. ಆದರೆ ಗಾಲಿ ಹತ್ತಬಲ್ಲ ಕಾಲು, ಕಿಟಕಿ ಮುಟ್ಟುವ ಕೈ ಇದ್ದವನಿಗಷ್ಟೇ ಇದು ಒದಗುತ್ತದೆ. ಬಸುರಿಗೆ, ಮುದುಕಿಗೆ, ಕೋಲು ಹಿಡಿದವನಿಗೆ ಒದಗುವುದಿಲ್ಲ.

ಆ ಕೊರತೆಗೆ ಉತ್ತರವಾಗಿ ಬಂದದ್ದು ಸೀಟಿನ ಮೇಲಿನ ಬರಹ: ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ. 60 ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ, ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿ.ಮೀ. ಒಳಗೆ ಓಡಾಡುವ ಪಾಸು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಬಂದ ಮೇಲೆ ಲೆಕ್ಕವೇ ತಲೆಕೆಳಗಾಯಿತು. 2025ರ ಜುಲೈ ಹೊತ್ತಿಗೆ ರಾಜ್ಯದಾದ್ಯಂತ 500 ಕೋಟಿ ಉಚಿತ ಪ್ರಯಾಣಗಳು ಆದವು. ಗಂಡಸರ ಗೊಣಗಾಟ ಬರುತ್ತದೆಂದು ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳಲ್ಲಿ ಅರ್ಧ ಸೀಟು ಪುರುಷರಿಗೆ ಎಂದು ಆದೇಶದಲ್ಲೇ ಬರೆಯಿತು. ಹುಣ್ಣಿಮೆಯ ಗದ್ದಲದಲ್ಲಿ ಆ ಸಾಲನ್ನು ನೆನಪಿಸುವ ಧೈರ್ಯ ಯಾವ ಕಂಡಕ್ಟರಿಗೂ ಇರಲಿಕ್ಕಿಲ್ಲ. ಹೆಚ್ಚು ದರದ ರಾಜಹಂಸ, ಐರಾವತ ಬಸ್ಸುಗಳಿಗೆ ಶಕ್ತಿ ಅನ್ವಯಿಸದು. ಅಲ್ಲಿ ಹಡಗಿನ ನ್ಯಾಯವೇ ನಡೆಯುತ್ತದೆ.

ಗುಡ್ಡದ ದಾರಿಯಲ್ಲಿ ಇದಕ್ಕೆ ಇನ್ನೂ ಸೂಕ್ಷ್ಮ ಪದರಗಳಿವೆ. ಕೊಲ್ಹಾಪುರದ ಭಕ್ತರಿಗೆ ಯಲ್ಲಮ್ಮ ಮನೆದೇವರು. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 75 ದಾಟಿದವರಿಗೆ ಪೂರಾ ಉಚಿತ, 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ಆದರೆ ಆ ಸವಲತ್ತು ಅವರ ರಾಜ್ಯದ ಗಡಿಯ ತನಕ. ಗಡಿಯ ಕೊಗನೊಳ್ಳಿ ದಾಟಿದರೆ ಪೂರ್ತಿ ದರ. ನಮ್ಮ ಬಸ್ಸು ಹತ್ತಿದರೂ ಅವರು ಕರ್ನಾಟಕದವರಲ್ಲವಾದ್ದರಿಂದ ಶಕ್ತಿ ಸಿಗದು. ಒಂದೇ ಬೆಂಚಿನ ಮೇಲೆ, ಒಂದೇ ದೇವಿಗೆ ‘ಉಧೋ’ ಎನ್ನುವ ಇಬ್ಬರು ಹೆಂಗಸರಲ್ಲಿ ನಿಪ್ಪಾಣಿಯವಳ ಟಿಕೆಟ್ಟು ಸೊನ್ನೆ, ಕೊಲ್ಹಾಪುರದವಳದು ಪೂರ್ತಿ.

ಯಲ್ಲಮ್ಮನಿಗೆ ಮುಡಿಪಾದ ಜೋಗಪ್ಪಗಳ ಪ್ರಶ್ನೆ ಇನ್ನೂ ನಾಜೂಕು. ಶಕ್ತಿ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಒಳಗೊಂಡಿದೆ. ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಗುಡ್ಡಕ್ಕೆ ಬರುವ ಜೋಗಪ್ಪನಿಗೆ ಅದು ದೊಡ್ಡ ಮನ್ನಣೆ. ಕೈಯಲ್ಲಿರುವ ಗುರುತಿನ ಚೀಟಿಯಲ್ಲಿ ಹಳೆಯ ಗಂಡು ಹೆಸರೇ ಇದ್ದರೆ ಮಾತ್ರ ತೀರ್ಮಾನ ಕಂಡಕ್ಟರಿನ ಬಾಯಿಗೆ ಬರುತ್ತದೆ. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯಡಿ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಮಾಡಿಸಿಕೊಡುವ ಶಿಬಿರವನ್ನು ಹುಣ್ಣಿಮೆಗಳಲ್ಲಿ ಗುಡ್ಡದ ಮೇಲೆಯೇ ನಡೆಸಿದರೆ ಎಷ್ಟೋ ಜನರ ಅಲೆದಾಟ ತಪ್ಪುತ್ತದೆ.

ಇನ್ನು ದೇವರ ಮುಂದಿನ ಸರದಿ. 2025ರ ಜನವರಿ 7ರಂದು ಧರ್ಮಸ್ಥಳದಲ್ಲಿ ಹೊಸ ಸರದಿ ಸಂಕೀರ್ಣ ಉದ್ಘಾಟಿಸಿದ ಅಂದಿನ ಉಪರಾಷ್ಟ್ರಪತಿ ಜಗದೀಪ್ ಧನಕರ್, ದೇವಸ್ಥಾನಗಳಲ್ಲಿ ವಿಐಪಿ ಸಂಸ್ಕೃತಿ ನಿಲ್ಲಬೇಕೆಂದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್, ವಿಶೇಷ ಸವಲತ್ತು ಇರಬಾರದೆಂಬ ಅಭಿಪ್ರಾಯ ತನಗಿದ್ದರೂ ನಿರ್ದೇಶನ ಕೊಡಲಾಗದು ಎಂದು ವಿಐಪಿ ದರ್ಶನದ ವಿರುದ್ಧದ ಅರ್ಜಿಯನ್ನು ವಜಾ ಮಾಡಿತು. ರಾಜ್ಯದ ಮುಜರಾಯಿ ಇಲಾಖೆ 2023ರಲ್ಲಿ 65 ದಾಟಿದವರಿಗೆ ‘ಎ’ ದರ್ಜೆಯ ದೇವಸ್ಥಾನಗಳಲ್ಲಿ ನೇರ ದರ್ಶನಕ್ಕೆ ಅವಕಾಶ ಕೊಟ್ಟಿದೆ. ಆಗ ಸಾರಿಗೆ, ಮುಜರಾಯಿ ಎರಡೂ ಖಾತೆ ರಾಮಲಿಂಗಾ ರೆಡ್ಡಿಯವರ ಕೈಯಲ್ಲಿದ್ದವು. ಬಸ್ಸಿನ ಸೀಟಿಗೂ ಗರ್ಭಗುಡಿಯ ಸಾಲಿಗೂ ಒಬ್ಬರೇ ಹೊಣೆಯಾಗಿದ್ದರು. ವಯಸ್ಸು ನೋಡಿ ಮುಂದೆ ಬಿಡುವುದು ಸರಿ. ಕಿಸೆ ನೋಡಿ ಬಿಡುವುದು ಸರಿಯಲ್ಲ.

ಹಾಗಿದ್ದರೆ ನಿಂತು ಬಂದ ಹುಡುಗನ ಸಿಟ್ಟಿಗೆ ಬೆಲೆಯಿಲ್ಲವೇ? ಇದೆ. 2016ರಲ್ಲಿ ಕ್ಯಾಥರಿನ್ ಡಿಸೆಲ್ಸ್, ಮೈಕೆಲ್ ನಾರ್ಟನ್ ಎಂಬ ಸಂಶೋಧಕರು ವಿಮಾನಗಳ ಗಲಾಟೆಯ ದಾಖಲೆ ತೆಗೆದು ನೋಡಿದರು. ಮೊದಲ ದರ್ಜೆ ಇರುವ ವಿಮಾನದ ಸಾದಾ ದರ್ಜೆಯಲ್ಲಿ ಗಲಾಟೆಯ ಸಾಧ್ಯತೆ ನಾಲ್ಕು ಪಟ್ಟಿನ ಹತ್ತಿರ ಹೆಚ್ಚಿತ್ತು. ಮೊದಲ ದರ್ಜೆಯ ನಡುವೆ ಹಾದು ಹಿಂದಕ್ಕೆ ಹೋಗಬೇಕಾದಲ್ಲಿ ಇನ್ನೂ ಹೆಚ್ಚಿತ್ತು. ಭೇದ ಕಣ್ಣಿಗೆ ಕಂಡಾಗ ಚುಚ್ಚುತ್ತದೆ. ಕೂಲಿಗೆಂದು ರಾಮದುರ್ಗದಿಂದ ನಿತ್ಯ ಓಡಾಡುವ ಗಂಡಸಿಗೂ ಅದು ಚುಚ್ಚುತ್ತದೆ. ಅವನ ತಕರಾರು ಮುದುಕಿಯ ಮೇಲೆ ತಿರುಗುವ ಮುಂಚೆ ಬಸ್ಸುಗಳ ಸಂಖ್ಯೆಯ ಮೇಲೆ ತಿರುಗಬೇಕು. ಕೂರುವವರು ಹೆಚ್ಚಿದಷ್ಟು ಬಸ್ಸು ಹೆಚ್ಚದಿದ್ದರೆ ಯಾವ ಮೀಸಲಾತಿಯೂ ಜಗಳ ತಪ್ಪಿಸದು.

ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಆ ದುಡ್ಡಿನಲ್ಲಿ ಕಟ್ಟುವ ಕಟ್ಟಡಗಳ ಜೊತೆಗೆ ನೆರಳಿರುವ ಬಸ್ ನಿಲ್ದಾಣ, ಮುದುಕರು, ಬಸುರಿಯರು ಮೊದಲು ಹತ್ತಲು ಕಟಾಂಜನ ಹಾಕಿದ ಸಾಲು, ಬನದ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯ ತನಕ ನಾಲ್ಕೂ ತಾಲೂಕುಗಳಿಂದ ಹೆಚ್ಚುವರಿ ಬಸ್ಸು, ಇವನ್ನು ಮಂಜೂರು ಮಾಡಿಸುವ ಕೆಲಸ ಈ ಭಾಗದ ಶಾಸಕರದು.