‘ಅಗ್ರೆಸಿವ್‌ಲಿ’ ಅಂದರೇನು?

ಬೀದಿನಾಯಿ ಗುರ್ರೆಂದು ಮೈಮೇಲೆ ಬಂದರೆ ಅದು ‘ಅಗ್ರೆಸಿವ್‌ಲಿ’ ವರ್ತಿಸಿತು ಎನ್ನುತ್ತಾರೆ. ಅಂದರೆ ಆಕ್ರಮಣಕಾರಿಯಾಗಿ. ಮಕ್ಕಳೇ, ಇಲ್ಲೊಂದು ಸ್ವಾರಸ್ಯ ನೋಡಿ. ಈ ಪದದ ಲ್ಯಾಟಿನ್ ಬೇರಿಗೆ ‘ಹೆಜ್ಜೆ ಇಡು’ ಎಂದರ್ಥ. ‘ಪ್ರೋಗ್ರೆಸ್’ ಕೂಡ ಅದೇ ಬೇರಿನದು. ನಮ್ಮ ‘ಆಕ್ರಮಣ’ದೊಳಗಿನ ಸಂಸ್ಕೃತದ ‘ಕ್ರಮ್’ ಧಾತುವಿಗೂ ಹೆಜ್ಜೆ ಇಡು ಎಂದೇ ಅರ್ಥ! ಮೂರು ಹೆಜ್ಜೆಯ ತ್ರಿವಿಕ್ರಮನ ಕಥೆಯನ್ನು ಅಜ್ಜಿಯ ಬಾಯಲ್ಲೇ ಕೇಳಿ.

ಕ್ರಿಕೆಟ್‌ನಲ್ಲಿ ಅಗ್ರೆಸಿವ್‌ಲಿ ಆಡಿದರೆ ಮೆಚ್ಚುಗೆ, ತರಗತಿಯಲ್ಲಿ ಹಾಗೆ ಮಾತಾಡಿದರೆ ಬೈಗುಳ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಸೋಂಕಿಗೆ ‘ಅಗ್ರೆಸಿವ್‌ಲಿ ಟ್ರೀಟ್ ಮಾಡೋಣ’ ಎಂದು ಡಾಕ್ಟರು ಹೇಳಿದರೆ ಗಾಬರಿ ಬೇಡ. ತಡಮಾಡದೆ, ಬಲವಾದ ಚಿಕಿತ್ಸೆ ಕೊಡೋಣ ಎಂದಷ್ಟೇ. ಕಾಯಿಲೆಯೇ ‘ಅಗ್ರೆಸಿವ್’ ಎಂದರೆ ಮಾತು ಬೇರೆ: ಅದು ಬೇಗ ಹಬ್ಬುವಂಥದು. ಯಾವುದೆಂದು ಸಂಕೋಚಪಡದೆ ಅಲ್ಲೇ ಕೇಳಿಬಿಡಿ.